ನಲವತ್ತೊಂದನೇ ಮನೆಯಿಂದ ಕ್ರಮೇಣ ನಿಧಾನವಾಗಲು ಅನುಮತಿ ಕೋರಿ

ಇಂದ,
ಸ್ವರಲಿಪಿ ನಕಲುಗಾರ,
ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಕೋಣೆ
(ಬಾಗಿಲ ಮೇಲೆ ‘ಹಳೆಯ ಸಾಮಾನು’ ಎಂಬ ಫಲಕವಿದೆ, ಒಳಗೆ ನಾನಿದ್ದೇನೆ),
ನಗರ ಗಾಯನವೃಂದದ ಕಚೇರಿ.

ಗೆ,
ಮಾನ್ಯ ಅಧೀಕ್ಷಕರು,
ಮೊದಲನೇ ಮಹಡಿ, ಪರದೆ ಇರುವ ಕೋಣೆ,
ಅದೇ ಕಚೇರಿ.

ವಿಷಯ: ವಾರ್ಷಿಕೋತ್ಸವದ ಕೊನೆಯ ಹಾಡನ್ನು 41ನೇ ಮನೆಯಿಂದ 44ನೇ ಮನೆಯವರೆಗೆ ಕ್ರಮೇಣ ನಿಧಾನಗೊಳಿಸಲು ಅನುಮತಿ ಕೋರಿ, ಹಾಗೂ ‘ಕ್ರಮೇಣ’ ಎಂಬ ಪದದ ಅರ್ಥವನ್ನು ಈ ಕಚೇರಿಯ ಗಮನಕ್ಕೆ ತರುವ ಕುರಿತು.

ಉಲ್ಲೇಖ:
(1) ಪಿಯಾನೋ ವಾದಕಿಯ ಹುದ್ದೆಯನ್ನು ‘ಕ್ರಮೇಣ’ ರದ್ದುಪಡಿಸುವ ತಮ್ಮ ಸುತ್ತೋಲೆ.
(2) ‘ಟೆಂಪೋ ಬದಲಾವಣೆ’ ಕುರಿತ ನನ್ನ ಮನವಿ, ಹಾಗೂ ಅದಕ್ಕೆ ವಾಹನ ಶಾಖೆಯಿಂದ ಬಂದ ಉತ್ತರ.
(3) ‘ವಿಳಂಬಕ್ಕೆ ಕಾರಣ ತಿಳಿಸುವುದು’ ಎಂದು ಸೋಮವಾರ ನನ್ನ ಮೇಜಿಗೆ ಬಂದ ನೋಟಿಸು.

ಮಾನ್ಯರೇ,

ಉಲ್ಲೇಖ (3)ರ ನೋಟಿಸಿನಲ್ಲಿ ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಅಪ್ಪಣೆಯಾಗಿದೆ. ಇಂದು ಮೂರನೇ ದಿನ. ನಾನು ಬಾಯಿಮಾತಿನಲ್ಲಿ ಹೇಳಿದ್ದು ತಮ್ಮ ಪರದೆ ದಾಟಿ ಒಳಗೆ ಬರಲಿಲ್ಲವಾದ ಕಾರಣ, ಮತ್ತು ಕಾಗದದ ಮೇಲೆ ಬರೆಯದ ನೋವನ್ನು ಈ ಕಚೇರಿ ನೋವೆಂದು ಪರಿಗಣಿಸುವುದಿಲ್ಲವಾದ ಕಾರಣ, ವಿವರಣೆಯನ್ನೂ ಮನವಿಯನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದ್ದೇನೆ. ಇದರಿಂದ ಕಾಗದವೂ ಉಳಿಯುತ್ತದೆ. ಈ ಅರ್ಜಿಯಲ್ಲಿ ತಮಗೆ ಸಂತೋಷ ಕೊಡಬಹುದಾದ ಅಂಶ ಅದೊಂದೇ ಆದ್ದರಿಂದ ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

1. ನಾನು ಇಪ್ಪತ್ತಾರು ವರ್ಷಗಳಿಂದ ಈ ಕಚೇರಿಯಲ್ಲಿ ಸ್ವರಲಿಪಿ ನಕಲು ಮಾಡುತ್ತಿದ್ದೇನೆ. ಅಂದರೆ ಐದೈದು ಗೆರೆ ಎಳೆದು, ಅವುಗಳ ಮೇಲೆ ಸ್ವರಗಳ ಬೊಟ್ಟು ಇಟ್ಟು, ಮೂವತ್ತನಾಲ್ಕು ಹಾಡುಗಾರರಿಗೆ ಮೂವತ್ತನಾಲ್ಕು ಪ್ರತಿ ತೆಗೆಯುವ ಕೆಲಸ. ಆ ಗೆರೆಗಳನ್ನು ಅಡ್ಡಗೆರೆ ಹಾಕಿ ಖಾನೆಗಳಾಗಿ ಒಡೆಯುತ್ತೇವೆ. ಒಂದೊಂದು ಖಾನೆಗೂ ನಕಲುಗಾರರ ಮಾತಿನಲ್ಲಿ ‘ಮನೆ’ ಎಂದು ಹೆಸರು. ಒಂದು ಮನೆಗೆ ತಾಳದ ನಾಲ್ಕು ಪೆಟ್ಟು. ಇಷ್ಟನ್ನೂ ಬಿಡಿಸಿ ಹೇಳಲು ಕಾರಣವಿದೆ. ಹೋದ ವರ್ಷ ‘ಹದಿನೆಂಟನೇ ಮನೆ ಖಾಲಿ ಇದೆ’ ಎಂದು ನಾನು ಬರೆದ ಟಿಪ್ಪಣಿಯನ್ನು ಓದಿ ತಮ್ಮ ಗುಮಾಸ್ತರು ಅದರ ವಿಳಾಸ ಕೇಳಿಕೊಂಡು ಒಂದು ಮಹಡಿ ಹತ್ತಿ ಬಂದಿದ್ದರು.

ಪೆನ್ನಿನ ಕಾಲದಲ್ಲಿ ಹಾಡು ನಿಧಾನವಾಗಬೇಕಾದ ಜಾಗದಲ್ಲಿ ‘ಕ್ರಮೇಣ ನಿಧಾನ’ ಎಂದು ಓರೆ ಅಕ್ಷರದಲ್ಲಿ ಬರೆದು, ಮುಂದಕ್ಕೆ ಒಂದು ಚುಕ್ಕಿಗೆರೆ ಎಳೆದರೆ ನನ್ನ ಕೆಲಸ ಮುಗಿಯುತ್ತಿತ್ತು. ಉಳಿದದ್ದು ನುಡಿಸುವವರಿಗೆ ಗೊತ್ತಿತ್ತು. ‘ಕ್ರಮೇಣ ಅಂದರೆ ಎಷ್ಟು’ ಎಂದು ಯಾರೂ ಯಾರನ್ನೂ ಕೇಳಿದ ನೆನಪು ನನಗಿಲ್ಲ. ಈಗ ಪೆನ್ನನ್ನು ಕಸಿದುಕೊಂಡು ಒಂದು ಸಾಫ್ಟ್‌ವೇರ್ ಕೊಟ್ಟಿದ್ದೀರಿ. ಅದು ಕೇಳುತ್ತದೆ. ಕೇಳುವುದನ್ನು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ.

2. ವೃಂದದ ಪಿಯಾನೋ ವಾದಕಿ ನನ್ನ ಒಡಹುಟ್ಟಿದ ಅಕ್ಕ. ಮೂವತ್ತೊಂದು ವರ್ಷ ನುಡಿಸಿದ್ದಾಳೆ. ಅವಳ ಗಂಡ, ಅಂದರೆ ನನ್ನ ಭಾವ, ಹಗಲು ಬೀಗ ರಿಪೇರಿ ಮಾಡುತ್ತಾರೆ, ಸಂಜೆ ವೃಂದದ ಮೂರನೇ ಸಾಲಿನ ಎಡತುದಿಯಲ್ಲಿ ನಿಂತು ಹಾಡುತ್ತಾರೆ. ವಾರ್ಷಿಕೋತ್ಸವದ ಕೊನೆಗೆ ಪ್ರತಿ ವರ್ಷ ಹಾಡುವ ದೋಣಿಯ ಹಾಡಿನಲ್ಲಿ ಒಂದು ಘಟ್ಟ ಬರುತ್ತದೆ. ಅಲ್ಲಿ ಉಳಿದ ಮೂವತ್ತಮೂರು ಜನ ಬಾಯಿ ಮುಚ್ಚುತ್ತಾರೆ, 41ರಿಂದ 44ರವರೆಗಿನ ನಾಲ್ಕು ಮನೆಗಳನ್ನು ಭಾವ ಒಬ್ಬರೇ ಹಾಡುತ್ತಾರೆ. ದೋಣಿ ದಡ ಸೇರುವುದು ಅಲ್ಲಿಯೇ. ಹಾಗಾಗಿ ಹಾಡು ನಿಧಾನವಾಗುವುದೂ ಅಲ್ಲಿಯೇ.

ಮೂರು ವರ್ಷದ ಹಿಂದೆ ವೈದ್ಯರು ಭಾವನ ಎಡ ಶ್ವಾಸಕೋಶದ ಅರ್ಧವನ್ನು ತೆಗೆದುಹಾಕಿದರು. ಭಾವ ಆ ವರ್ಷವೂ ಹಾಡಿದರು, ಮುಂದಿನ ಎರಡು ವರ್ಷವೂ ಹಾಡಿದರು. “ಅರ್ಧ ತೆಗೆದ್ರೂ ಪೂರ್ತಿ ಹಾಡ್ತೀನಿ ನೋಡಿ” ಎಂದು ಸಿಕ್ಕಸಿಕ್ಕವರ ಮುಂದೆ ಎದೆಯುಬ್ಬಿಸಿ ಹೇಳಿದರು. ಕೀಲಿಕೈ ಕಳೆದುಕೊಂಡು ಅಂಗಡಿಗೆ ಬಂದ, ಹಾಡಿನ ಗಂಧಗಾಳಿ ಇಲ್ಲದ ಗಿರಾಕಿಗಳಿಗೂ ಹೇಳಿದರು. ಈ ಅಂಶವನ್ನು ದಯವಿಟ್ಟು ನೆನಪಿಟ್ಟುಕೊಳ್ಳುವುದು.

3. ಉಲ್ಲೇಖ (1)ರ ಸುತ್ತೋಲೆಯಲ್ಲಿ ‘ಹಿಮ್ಮೇಳವನ್ನು ಇನ್ನು ಮುಂದೆ ಕಂಪ್ಯೂಟರ್ ಮೂಲಕ ನುಡಿಸಲು ತೀರ್ಮಾನಿಸಲಾಗಿದ್ದು, ವಾದಕಿಯ ಹುದ್ದೆಯನ್ನು ಕ್ರಮೇಣ ರದ್ದುಪಡಿಸಲಾಗುವುದು’ ಎಂದಿದೆ. ಅಕ್ಕ ಅದನ್ನು ಎರಡು ಸಲ ಓದಿದಳು. ಕ್ರಮೇಣ ಎಂದಿರುವುದರಿಂದ ಒಂದೆರಡು ವರ್ಷವಾದರೂ ಇದೆ ಎಂದುಕೊಂಡಳು. ಮೂವತ್ತೊಂದು ವರ್ಷ ಆ ಪದವನ್ನು ನುಡಿಸಿದವಳು, ಅದರ ಅರ್ಥ ತನಗೆ ಗೊತ್ತಿದೆ ಎಂಬ ಭ್ರಮೆ ಅವಳಿಗಿತ್ತು.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಗುಮಾಸ್ತರು ಬಂದು ಪಿಯಾನೋ ಕೊಠಡಿಯ ಕೀಲಿಕೈ ಕೇಳಿದರು.

“ಕ್ರಮೇಣ ಅಂತ ಬರೆದಿದೆಯಲ್ಲಪ್ಪ?” ಎಂದಳು ಅಕ್ಕ.

“ಬರೆದಿದೆ ಮೇಡಂ. ಆದ್ರೆ ಯಾವತ್ತಿನವರೆಗೆ ಅನ್ನೋ ಕಾಲಂ ಖಾಲಿ ಬಿಟ್ಟಿದಾರೆ. ಖಾಲಿ ಇದ್ರೆ ಇವತ್ತಿಂದಾನೇ ಅಂತ ಅರ್ಥ. ಆಫೀಸ್ ರೂಲು.”

ಹೀಗೆ ಮೂವತ್ತೊಂದು ವರ್ಷದ ಕೆಲಸ ಹತ್ತು ಗಂಟೆಗೆ ಆರಂಭಿಸಿ ಹತ್ತು ಗಂಟೆ ಐದು ನಿಮಿಷದೊಳಗೆ ಕ್ರಮೇಣ ರದ್ದಾಯಿತು. ಅಕ್ಕ ಕೀಲಿಕೈಯನ್ನು ಸೀರೆಯ ಸೆರಗಿನಿಂದ ಒರೆಸಿ ಕೊಟ್ಟಳು. ಆ ಕೊಠಡಿಗೆ ಹನ್ನೆರಡು ವರ್ಷದ ಹಿಂದೆ ಬೀಗ ಕೂರಿಸಿದ್ದು ನನ್ನ ಭಾವನೇ ಎಂಬುದನ್ನು ದಾಖಲೆಗಾಗಿ ಇಲ್ಲಿ ನಮೂದಿಸುತ್ತೇನೆ.

4. ತದನಂತರ ದೋಣಿಯ ಹಾಡಿನ ಹಿಮ್ಮೇಳವನ್ನು ಸಾಫ್ಟ್‌ವೇರಿಗೆ ಇಳಿಸುವಂತೆ ನನಗೆ ಆದೇಶವಾಯಿತು. ಅಕ್ಕನ ಕುರ್ಚಿಯಲ್ಲಿ ಯಂತ್ರವನ್ನು ಕೂರಿಸಲು ಅವಳ ತಮ್ಮನನ್ನೇ ನೇಮಿಸಿದ ತಮ್ಮ ಆಡಳಿತ ಚಾತುರ್ಯಕ್ಕೆ ಅಭಿನಂದನೆಗಳು. ನಾನು ಸ್ವರಗಳನ್ನೆಲ್ಲ ತುಂಬಿ, 41ನೇ ಮನೆಯ ನೆತ್ತಿಯ ಮೇಲೆ ರೂಢಿಯಂತೆ ‘ಕ್ರಮೇಣ ನಿಧಾನ’ ಎಂದು ಟೈಪ್ ಮಾಡಿದೆ. ಯಂತ್ರ ನುಡಿಸಿತು. ಆ ಎರಡು ಪದಗಳ ಕೆಳಗಿನಿಂದ ಒಂದಿಷ್ಟೂ ವೇಗ ತಗ್ಗಿಸದೆ, ಫಲಕ ಓದದ ಸವಾರನ ಹಾಗೆ ಹೋಗಿಯೇಬಿಟ್ಟಿತು. ಕೈಪಿಡಿ ನೋಡಿದಾಗ ತಿಳಿದದ್ದೇನೆಂದರೆ, ನಾನು ಬರೆದದ್ದು ಬರೀ ‘ಪಠ್ಯ’. ಪಠ್ಯ ಮನುಷ್ಯರು ಓದಲಿಕ್ಕೆ ಮಾತ್ರ. ಯಂತ್ರ ಪಾಲಿಸಬೇಕಾದರೆ ಅದೇ ಎರಡು ಪದಗಳನ್ನು ‘ಟೆಂಪೋ’ ಎಂಬ ಬೇರೆ ಕಪಾಟಿನಿಂದ ತೆಗೆದು ಹಾಕಬೇಕು. ಸಂಗೀತದಲ್ಲಿ ಟೆಂಪೋ ಎಂದರೆ ಹಾಡಿನ ವೇಗ.

ಆದ್ದರಿಂದ ‘ಟೆಂಪೋ ಬದಲಾವಣೆಯ ಬಗ್ಗೆ ತರಬೇತಿ ಕೊಡಿಸಬೇಕು’ ಎಂದು ಮನವಿ ಬರೆದೆ. ತಾವು ವಿಷಯದ ಸಾಲನ್ನು ಅರ್ಧ ಓದಿ ಅದನ್ನು ವಾಹನ ಶಾಖೆಗೆ ರವಾನಿಸಿದಿರಿ. ವಾಹನ ಶಾಖೆಯ ಉತ್ತರ ಹೀಗಿತ್ತು: ‘ತಮ್ಮ ವಿಭಾಗಕ್ಕೆ ಯಾವುದೇ ಟೆಂಪೋ ಮಂಜೂರಾಗಿರುವುದಿಲ್ಲ. ಬದಲಾವಣೆ ಕೋರುವ ಮುನ್ನ ಹಾಲಿ ಟೆಂಪೋದ ನೋಂದಣಿ ಸಂಖ್ಯೆ, ಚಕ್ರಗಳ ಸ್ಥಿತಿ ಹಾಗೂ ಈವರೆಗೆ ಓಡಿದ ದೂರವನ್ನು ತಿಳಿಸುವುದು.’ ನನಗೂ ರೇಗಿತ್ತು. ‘ನಲವತ್ತು ಮನೆ ಓಡಿದೆ, ಚಕ್ರಗಳಿಲ್ಲ’ ಎಂದು ಬರೆದು ಕಳಿಸಿದೆ. ‘ಚಕ್ರಗಳಿಲ್ಲದ ಟೆಂಪೋವನ್ನು ಗುಜರಿಗೆ ಹಾಕಲು ನಿಗದಿತ ನಮೂನೆಯಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸುವುದು’ ಎಂದು ಮರುಟಪಾಲಿಗೆ ಉತ್ತರ ಬಂತು. ಅದರ ಪ್ರತಿಯ ಮೇಲೆ ತಾವು ‘ನೋಡಿದೆ’ ಎಂದು ಸಹಿ ಹಾಕಿದ್ದೀರಿ. ಏನು ನೋಡಿದಿರೋ ನನಗೆ ತಿಳಿಯದು.

5. ಕೊನೆಗೆ ನಾನೇ ಕಲಿತೆ. ಟೆಂಪೋದ ಕಪಾಟು ತೆರೆದರೆ ಒಂದು ಚೌಕ ಬರುತ್ತದೆ. ಅದರಲ್ಲಿ ಐದು ಕಾಲಂ. ಯಾವ ಮನೆಯಿಂದ? ಯಾವ ಮನೆಯವರೆಗೆ? ಆರಂಭದ ವೇಗ ಎಷ್ಟು? ಮುಕ್ತಾಯದ ವೇಗ ಎಷ್ಟು? ಇಳಿಯುವ ಬಗೆ ಯಾವುದು, ನೇರವೋ ಬಾಗಿದ್ದೋ? ಮೊದಲ ಸಲ ನಾನು ‘ಯಾವ ಮನೆಯವರೆಗೆ’ ಎಂಬುದನ್ನು ತುಂಬಲು ಮರೆತೆ. ಹಾಡು 41ನೇ ಮನೆಯ ಬಾಗಿಲಿಗೆ ಬಂದದ್ದೇ ತಡ, ಮೆಟ್ಟಿಲು ತಪ್ಪಿದವರ ಹಾಗೆ ಧೊಪ್ಪೆಂದು ಬಿತ್ತು. ಮತ್ತೆ ಕೈಪಿಡಿ ತೆರೆದೆ. ‘ಮುಕ್ತಾಯ ಖಾಲಿ ಇದ್ದಲ್ಲಿ ಬದಲಾವಣೆಯು ತಕ್ಷಣದಿಂದ ಜಾರಿಗೆ ಬರುತ್ತದೆ.’

ಈ ವಾಕ್ಯವನ್ನು ನಾನೂ ಎರಡು ಸಲ ಓದಿದೆ. ಗುಮಾಸ್ತರು ಅಕ್ಕನಿಗೆ ಹೇಳಿದ ಮಾತೇ ಇದು. ಸಾಫ್ಟ್‌ವೇರ್ ಬರೆದವರು ತಮ್ಮ ಕಚೇರಿಯಲ್ಲಿ ಎಂದಾದರೂ ತರಬೇತಿ ಪಡೆದಿದ್ದರೇ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

6. ಮುಕ್ತಾಯದ ವೇಗ ಎಷ್ಟು ಹಾಕಬೇಕೆಂದು ಕೇಳಲು ತಮ್ಮ ಕೋಣೆಗೆ ಬಂದಿದ್ದೆ. ಆಗ ನಡೆದ ಮಾತುಕತೆ ತಮಗೆ ನೆನಪಿರಲಾರದು, ನನಗೆ ಚೆನ್ನಾಗಿ ನೆನಪಿದೆ.

“ಆರಂಭ ನಿಮಿಷಕ್ಕೆ ತೊಂಬತ್ತೆರಡು ಪೆಟ್ಟು ಸಾರ್. ಅಲ್ಲಿಂದ ಕ್ರಮೇಣ ಇಳಿಯುತ್ತೆ.”

“ಕ್ರಮೇಣ ಅಂದ್ರೆ ಎಷ್ಟ್ರೀ?”

“ಅದು ನುಡಿಸೋವಾಗ ಗೊತ್ತಾಗುತ್ತೆ ಸಾರ್.”

“ಗೊತ್ತಾಗುತ್ತೆ ಅನ್ನೋದನ್ನ ಕಾಲಂನಲ್ಲಿ ಬರೆಯೋಕಾಗುತ್ತೇನ್ರೀ? ಹಳೇ ರೆಕಾರ್ಡಿಂಗ್ ಇದಾವಲ್ಲ, ಅಳೀರಿ. ಐದು ವರ್ಷದ್ದು ಅಳ್ದು ಸರಾಸರಿ ತೆಗೀರಿ. ಇದೇನ್ ದೊಡ್ಡ ಬ್ರಹ್ಮವಿದ್ಯೆನಾ?”

ಅಳೆದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಕಿಟಕಿಯಾಚೆ ಲಾಂಡ್ರಿಯ ಹಿತ್ತಿಲಿನಲ್ಲಿ ಹೋಟೆಲಿನ ಬಿಳಿ ಹಾಸುಗಳು ಒಣಗುವುದನ್ನು ನೋಡುತ್ತಾ ನಾಲ್ಕು ದಿನ ಅಳೆದೆ. 44ನೇ ಮನೆಯಲ್ಲಿ ಹಾಡು ತಲುಪುತ್ತಿದ್ದ ವೇಗ ವರ್ಷವಾರು ಹೀಗಿದೆ: ಮೊದಲ ವರ್ಷ 84. ಎರಡನೇ ವರ್ಷ 84. ಮೂರನೇ ವರ್ಷ 70. ನಾಲ್ಕನೇ ವರ್ಷ 61. ಐದನೇ ವರ್ಷ, ಅಂದರೆ ಹೋದ ವರ್ಷ, 52.

ತಾವು ಕೂಡಿ ಐದರಿಂದ ಭಾಗಿಸಿ 70.2 ಎಂದಿರಿ. “ದಶಮಾಂಶ ಬಿಟ್ಟಾಕಿ, ಎಪ್ಪತ್ತು ಅಂತ ತುಂಬಿ” ಎಂದಿರಿ. ಆ ಐದು ಸಂಖ್ಯೆಗಳನ್ನು ಸಾಲಾಗಿ ಓದಿದ ಯಾವ ಮನುಷ್ಯನಿಗೂ ಎರಡನೇ ಮತ್ತು ಮೂರನೇ ವರ್ಷಗಳ ನಡುವೆ ಏನೋ ಆಗಿದೆ ಎಂದು ಹೊಳೆಯಬೇಕಿತ್ತು. ತಮಗೆ ಹೊಳೆದದ್ದು ಭಾಗಾಕಾರ.

7. ನನಗೆ ಹೊಳೆಯಿತು, ಆದರೆ ನಂಬಲು ಮನಸ್ಸಾಗಲಿಲ್ಲ. ಅಕ್ಕನ ಮನೆಗೆ ಹೋದೆ. ಅವಳ ಮನೆಯಲ್ಲಿ ಪಿಯಾನೋ ಇಲ್ಲ. ಊಟದ ಮೇಜಿನ ಅಂಚಿನ ಮೇಲೆ ಬೆರಳಾಡಿಸುತ್ತಾ ಕುಳಿತಿದ್ದಳು, ನನ್ನನ್ನು ಕಂಡು ಮೇಜು ಒರೆಸುವವಳ ಹಾಗೆ ನಟಿಸಿದಳು. ಭಾವ ಅಂಗಡಿಗೆ ಹೋಗಿದ್ದರು.

“ಅಕ್ಕ, ವರ್ಷವರ್ಷಾನೂ ಇನ್ನಷ್ಟು ನಿಧಾನ ಮಾಡ್ತಾ ಬಂದಿದೀಯಲ್ಲ, ಯಾಕೆ?”

“ನಾನೆಲ್ಲಿ ಮಾಡ್ತೀನೋ? ನಾನು ನಿಮ್ಮ ಭಾವನ ಭುಜ ನೋಡ್ತೀನಿ, ಅಷ್ಟೆ. ನಲವತ್ತೆರಡನೇ ಮನೆ ಮುಗಿಯೋ ಹೊತ್ತಿಗೆ ಭುಜ ಮೇಲೇರುತ್ತೆ. ಉಸಿರು ಸಾಕಾಗಲ್ಲ ಅವರಿಗೆ. ಭುಜ ಕೆಳಗಿಳಿಯೋವರೆಗೂ ಕಾಯ್ತೀನಿ, ಆಮೇಲೆ ಮುಂದಿನ ಮನೆಗೆ ಹೋಗ್ತೀನಿ.”

“ಭಾವಂಗೆ ಗೊತ್ತಾ?”

“ಗೊತ್ತಾದ್ರೆ ಹಾಡ್ತಾರೇನೋ ಪೆದ್ದ? ಅರ್ಧ ತೆಗೆದ್ರೂ ಪೂರ್ತಿ ಹಾಡ್ತೀನಿ ಅಂತ ಹೇಳ್ಕೊಂಡು ಓಡಾಡ್ತಿದಾರೆ. ಓಡಾಡ್ಲಿ ಬಿಡು. ಎಲ್ರೂ ನನ್ನ ನುಡಿಸಾಣಿಕೆ ತುಂಬಾ ಭಾವಪೂರ್ಣ ಅಂತಾರೆ. ಹೂಂ ಅಂದ್ಕೋತೀನಿ.”

ಆಮೇಲೆ ನನ್ನ ಕೈ ಹಿಡಿದುಕೊಂಡು, “ನೀನು ಆ ಮಿಷಿನ್‌ಗೆ ಹೇಳು. ಸ್ವಲ್ಪ ಕಾಯೋಕೆ ಹೇಳು” ಎಂದಳು. ನನ್ನ ಅಕ್ಕ ನನ್ನಲ್ಲಿ ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು. ನಾನು ಹೇಳುತ್ತೇನೆ ಎಂದೆ.

8. ಕಾಯಲು ಹೇಳುವ ಕಾಲಂ ಆ ಚೌಕದಲ್ಲಿ ಇಲ್ಲ. ಆದಕಾರಣ ನಾನು ಒಂದು ಕಳ್ಳದಾರಿ ಹಿಡಿದೆ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ನಾಲ್ಕು ಮನೆಗಳ ಹದಿನಾರು ಪೆಟ್ಟುಗಳ ಮೇಲೆ ಹದಿನಾರು ಬೇರೆಬೇರೆ ವೇಗಗಳನ್ನು ಇಟ್ಟು, ಒಂದೊಂದನ್ನೂ ‘ಅದೃಶ್ಯ’ ಎಂದು ಗುರುತು ಹಾಕಿದೆ. ಅದೃಶ್ಯ ಸಂಖ್ಯೆಗಳು ಮುದ್ರಿತ ಪುಟದಲ್ಲಿ ಕಾಣುವುದಿಲ್ಲ, ಯಂತ್ರ ಮಾತ್ರ ಅವನ್ನು ಪಾಲಿಸುತ್ತದೆ. ಹೋದ ವರ್ಷದ ರೆಕಾರ್ಡಿಂಗಿನಲ್ಲಿ ಅಕ್ಕ ಕಾದಷ್ಟನ್ನು ಕೂದಲೆಳೆಯಷ್ಟೂ ಬಿಡದೆ ಇಳಿಸಿದೆ. ಎಂಟನೇ ಪೆಟ್ಟಿನ ಮೇಲೆ ಹೆಚ್ಚು ಹೊತ್ತು ನಿಲ್ಲಿಸಿದೆ. ಇಪ್ಪತ್ತಾರು ವರ್ಷದ ನಕಲಿನಲ್ಲಿ ನನಗೆ ಹೆಮ್ಮೆ ತಂದ ನಕಲು ಅದೊಂದೇ.

ತಾವು ಫೈಲು ತೆರೆದು, ಯಾವುದೋ ಗುಂಡಿ ಒತ್ತಿ, ಅದೃಶ್ಯವಾಗಿದ್ದ ಹದಿನಾರನ್ನೂ ಕಂಡುಹಿಡಿದಿರಿ. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಕೆಲಸವನ್ನು ತಾವು ಗಮನವಿಟ್ಟು ನೋಡಿದ್ದು ಅಂದೇ. “ಮಂಜೂರಾಗಿದ್ದು ಎಪ್ಪತ್ತು. ಇದ್ಯಾವುದ್ರೀ ಹದಿನಾರು? ಕಾಣದಿರೋ ನಂಬರ್‌ಗಳಿಗೆಲ್ಲ ನಾನು ಜವಾಬ್ದಾರಿ ತಗೊಳಲ್ಲ. ಅಳಿಸಿ” ಎಂದಿರಿ.

ಅಳಿಸಿದೆ. ಒಂದೊಂದಾಗಿ, ನನ್ನ ಕೈಯಾರೆ. ಈ ಅರ್ಜಿಯಲ್ಲಿ ತಮ್ಮ ಬಗ್ಗೆ ನಾನು ಬರೆದಿರುವುದೆಲ್ಲ ನನಗೂ ಅನ್ವಯಿಸುವುದು ಈ ಅಂಶದಿಂದಾಗಿ. ತಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ‘ಆಗಲಿ ಸಾರ್’ ಎಂದೆ.

9. ಹೋದ ಶನಿವಾರ ಸಂಜೆಯ ಅಭ್ಯಾಸದಲ್ಲಿ ತಾವೂ ಮೊದಲ ಸಾಲಿನ ಕುರ್ಚಿಯಲ್ಲಿ ಹಾಜರಿದ್ದಿರಿ. ಅಕ್ಕ ಇರಲಿಲ್ಲ. ಪಿಯಾನೋವನ್ನು ಅದರ ಕೊಠಡಿಯಲ್ಲಿಟ್ಟು ಬೀಗ ಹಾಕಲಾಗಿತ್ತು, ಅದು ಇರುತ್ತಿದ್ದ ಜಾಗದಲ್ಲಿ ಎರಡು ಕರಿಯ ಸ್ಪೀಕರುಗಳಿದ್ದವು. ಭಾವ 41ನೇ ಮನೆಯನ್ನು ಎಂದಿನಂತೆ ಹಾಡಿದರು. 42ನೇ ಮನೆಯ ಕೊನೆಯಲ್ಲಿ ಅವರ ಭುಜ ಮೇಲೇರಿತು. ಯಂತ್ರಕ್ಕೆ ಮಂಜೂರಾಗಿದ್ದು ಎಪ್ಪತ್ತು, ಅದೂ ನೇರ ಗೆರೆಯಲ್ಲಿ. ಅದು ಮುಂದೆ ಹೋಯಿತು. ವೃಂದವನ್ನು ಹಾಡಿಸುವ ನಿರ್ದೇಶಕರು ತಾಳದ ಕಡ್ಡಿ ಎತ್ತಿ ‘ನಿಲ್ಲು’ ಎಂದು ಸನ್ನೆ ಮಾಡಿದರು. ಸ್ಪೀಕರುಗಳಿಗೆ ಕಣ್ಣಿಲ್ಲ. ಭಾವ 43ರಲ್ಲಿ ಬಾಯಿ ತೆರೆದರು, ಗಾಳಿ ಮಾತ್ರ ಬಂತು. 44ರಲ್ಲಿ ಅದೂ ಬರಲಿಲ್ಲ. ದೋಣಿ ಭಾವನನ್ನು ನೀರಿನಲ್ಲೇ ಬಿಟ್ಟು ತಾನೊಂದೇ ದಡ ಸೇರಿ, ಕೊನೆಯ ಸ್ವರವನ್ನು ಸರಿಯಾಗಿ ನಾಲ್ಕು ಪೆಟ್ಟು ಹಿಡಿದು ನಿಂತಿತು.

ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಹಾಡುವ ನರ್ಸಮ್ಮ ಓಡಿಬಂದು ಭಾವನನ್ನು ಕೂರಿಸಿ ನೀರು ಕೊಟ್ಟರು. ತಾವು ಗುಮಾಸ್ತರ ಕಡೆ ತಿರುಗಿ ಆಡಿದ ಮಾತನ್ನು ಮೂವತ್ತನಾಲ್ಕು ಜನರೂ ಕೇಳಿಸಿಕೊಂಡರು. “ಮಿಷಿನ್ ಕರೆಕ್ಟಾಗೇ ಇದೆ. ತಡ ಆಗಿದ್ದು ಮನುಷ್ಯರ ಕಡೆಯಿಂದ. ಬರ್ಕೊಳ್ಳಿ.”

ಭಾವ ಹಾಡಿನ ಫೈಲನ್ನು ಕುರ್ಚಿಯ ಮೇಲಿಟ್ಟು, ಕೋಟು ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟರು.

10. ಉಲ್ಲೇಖ (3)ರ ನೋಟಿಸಿನಲ್ಲಿ ಮೇಲಿನ ಘಟನೆಯಿಂದ ಅಭ್ಯಾಸಕ್ಕೆ ಇಪ್ಪತ್ತೆರಡು ನಿಮಿಷ ವಿಳಂಬವಾಯಿತೆಂದೂ ಅದಕ್ಕೆ ಕಾರಣ ತಿಳಿಸಬೇಕೆಂದೂ ಕೇಳಿದ್ದೀರಿ. ಕಾರಣ ಹೀಗಿದೆ. ತಾವು ಮಂಜೂರು ಮಾಡಿದ ಎಪ್ಪತ್ತರ ಲೆಕ್ಕದಲ್ಲಿ ಆ ನಾಲ್ಕು ಮನೆ ದಾಟಲು 11.9 ಸೆಕೆಂಡು ಹಿಡಿಯುತ್ತದೆ. ಹೋದ ವರ್ಷ ಅಕ್ಕನಿಗೆ 13.7 ಸೆಕೆಂಡು ಹಿಡಿದಿತ್ತು. ವ್ಯತ್ಯಾಸ 1.8 ಸೆಕೆಂಡು. ಸಾಫ್ಟ್‌ವೇರ್, ಸ್ಪೀಕರು, ಸುತ್ತೋಲೆ, ಸರಾಸರಿ ಎಲ್ಲವನ್ನೂ ಸೇರಿಸಿ ಈ ಕಚೇರಿ ಸಾಧಿಸಿದ ಒಟ್ಟು ಉಳಿತಾಯ ಅಷ್ಟು. ಕೈಗಡಿಯಾರ ನೋಡಿಕೊಂಡು ತಾವೇ ಒಮ್ಮೆ ಪ್ರಯತ್ನಿಸಬಹುದು: ಒಬ್ಬ ಮನುಷ್ಯ ಒಂದು ಸಲ ಉಸಿರು ಎಳೆದುಕೊಳ್ಳಲು ಅಷ್ಟೇ ಹೊತ್ತು ಬೇಕು.

ಇನ್ನೊಂದು ಮಾತು. ಸಂಗೀತದಲ್ಲಿ ವಿಳಂಬ ಎಂದರೆ ನಿಧಾನವಾದ ನಡೆ. ಅದನ್ನು ಸಾಧಿಸಲು ಜನ ವರ್ಷಗಟ್ಟಲೆ ಬೆವರು ಸುರಿಸುತ್ತಾರೆ. ಅದಕ್ಕೆ ಕಾರಣ ಕೇಳಿ ನೋಟಿಸು ಕೊಟ್ಟ ಸಂಗೀತ ಕಚೇರಿ ತಮ್ಮದೊಂದೇ ಇರಬೇಕು.

11. ನಿನ್ನೆ ಮಧ್ಯಾಹ್ನ ಭಾವ ನನ್ನ ಕೋಣೆಗೆ ಬಂದರು. ಎರಡು ಮಹಡಿ ಹತ್ತಿ ಬಂದು ಸ್ಟೂಲಿನ ಮೇಲೆ ಕುಳಿತು ಉಸಿರು ಸುಧಾರಿಸಿಕೊಂಡರು. ನಾನೂ ಅವಸರ ಮಾಡಲಿಲ್ಲ. ಅಷ್ಟನ್ನು ಕಲಿತಿದ್ದೇನೆ.

“ಮೂರು ವರ್ಷದಿಂದ ಅವಳು ನನಗೋಸ್ಕರ ಕಾಯ್ತಿದ್ಲಾ?”

ಯಂತ್ರದ ದೋಷ ಭಾವ, ಎಂದೆ.

“ನಾನು ಬೀಗದವನು ಕಣೋ. ಕೀ ತಿರುಗಲಿಲ್ಲ ಅಂದ್ರೆ ಎಲ್ಲಿ ಸಿಕ್ಕೊಂಡಿದೆ ಅಂತ ನನ್ನ ಬೆರಳಿಗೆ ಗೊತ್ತಾಗುತ್ತೆ. ಸುಳ್ಳು ಹೇಳ್ಬೇಡ.”

ಹೇಳಿದೆ. 84, 84, 70, 61, 52 ಎಂದು ಬರೆದಿದ್ದ ಕಾಗದವನ್ನೂ ತೋರಿಸಿದೆ. ಅವರು ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ನನ್ನನ್ನು ಬಿಟ್ಟರೆ ಆ ಐದು ಸಂಖ್ಯೆಗಳನ್ನು ಸರಿಯಾಗಿ ಓದಿದವರು ಈ ಕಟ್ಟಡದಲ್ಲಿ ಅವರೊಬ್ಬರೇ. ಕಿಟಕಿಯಾಚೆ ಲಾಂಡ್ರಿಯವಳು ಒಣಗಿದ ಹಾಸುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಎಲ್ಲ ತೆಗೆದು ಮುಗಿಯುವವರೆಗೂ ಭಾವ ಅತ್ತ ನೋಡುತ್ತಲೇ ಇದ್ದರು.

“ಎಲ್ರೆದುರು ಬಾಯಿ ತೆಕ್ಕೊಂಡು ನಿಂತಿದ್ದು ಹಾಳಾಗ್ಲಿ. ಅವಳ ಎದುರಿಗೇ ಕೂತ್ಕೊಂಡು ಜಂಬ ಕೊಚ್ಕೊಂಡೆನಲ್ಲೋ. ಪೂರ್ತಿ ಹಾಡ್ತೀನಿ ನೋಡು, ಅಂತ. ಹೂಂ ರೀ, ಅಂತಿದ್ಲು ಅವಳು.”

ಅವರ ಕಣ್ಣು ತುಂಬಿತ್ತು. ನನ್ನದೂ. ಇದನ್ನು ಅರ್ಜಿಯಲ್ಲಿ ಬರೆಯಬಾರದೆಂಬ ನಿಯಮವೇನಾದರೂ ಇದ್ದರೆ ಆ ಸಾಲನ್ನು ಅದೃಶ್ಯ ಎಂದು ಗುರುತು ಹಾಕಿಕೊಳ್ಳುವುದು.

ಹೊರಡುವಾಗ ಜೇಬಿನಿಂದ ಏನನ್ನೋ ತೆಗೆದು ನನ್ನ ಮೇಜಿನ ಮೇಲಿಟ್ಟರು. “ಶನಿವಾರ ಅವಳು ನುಡಿಸಿದ್ರೆ ನಾನು ಹಾಡ್ತೀನಿ. ಎಷ್ಟು ನಿಧಾನ ಆದ್ರೂ ಆಗ್ಲಿ. ಈ ಸಲ ಅವಳು ಕಾಯೋದು ನನಗೂ ಗೊತ್ತಿರುತ್ತೆ” ಎಂದರು. ಮೇಜಿನ ಮೇಲಿಟ್ಟ ವಸ್ತುವಿನ ವಿವರ ಲಗತ್ತುಗಳ ಪಟ್ಟಿಯಲ್ಲಿದೆ.

ಮೇಲ್ಕಂಡ ಎಲ್ಲ ಕಾರಣಗಳಿಂದ, ಮತ್ತು ಈ ಶನಿವಾರವೇ ವಾರ್ಷಿಕೋತ್ಸವವಿರುವ ಕಾರಣ, ತಮ್ಮಲ್ಲಿ ಈ ಕೆಳಕಂಡಂತೆ ಕೋರುತ್ತೇನೆ.

(ಅ) ದೋಣಿಯ ಹಾಡಿನ 1ರಿಂದ 40ನೇ ಮನೆಯವರೆಗೆ ಯಂತ್ರವೇ ನುಡಿಸಲಿ. ಅದರ ಬಗ್ಗೆ ನನ್ನ ತಕರಾರಿಲ್ಲ. ಸಮತಟ್ಟಾದ ದಾರಿಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ.

(ಆ) 41ರಿಂದ 44ನೇ ಮನೆಯವರೆಗೆ, ಒಟ್ಟು ಹದಿನಾರು ಪೆಟ್ಟುಗಳ ಮಟ್ಟಿಗೆ, ನನ್ನ ಅಕ್ಕನನ್ನು ಪಿಯಾನೋ ಮುಂದೆ ಕೂರಿಸಲು ಅನುಮತಿ ನೀಡುವುದು. ಹುದ್ದೆ ಬೇಡ, ಹಾಜರಿ ಪುಸ್ತಕದಲ್ಲಿ ಸಹಿಯೂ ಬೇಡ. ಭಾವನ ಭುಜ ಕಾಣುವ ಕಡೆಗೆ ಸ್ಟೂಲು ಹಾಕಿಸಿದರೆ ಸಾಕು.

(ಇ) ಕಡತದಲ್ಲಿ ‘ಮುಕ್ತಾಯದ ವೇಗ’ ಎಂಬ ಕಾಲಂ ತುಂಬಲೇಬೇಕೆಂದಾದಲ್ಲಿ ‘ಅವರು ಉಸಿರು ತೆಗೆದುಕೊಂಡ ಮೇಲೆ’ ಎಂದು ಬರೆದುಕೊಳ್ಳುವುದು. ದಶಮಾಂಶ ಬಿಡಬಹುದು.

(ಈ) ಈ ಅರ್ಜಿಯನ್ನು ತಾವು ಕ್ರಮೇಣ ಪರಿಶೀಲಿಸುವಿರೆಂದು ನನಗೆ ಗೊತ್ತಿದೆ. ಆದಕಾರಣ ಆದೇಶದಲ್ಲಿ ‘ಕ್ರಮೇಣ ಅನುಮತಿ ನೀಡಲಾಗುವುದು’ ಎಂದೇ ಬರೆಯಲಿ. ಯಾವತ್ತಿನವರೆಗೆ ಎಂಬ ಕಾಲಂ ಅನ್ನು ಮಾತ್ರ ದಯವಿಟ್ಟು ಖಾಲಿ ಬಿಡುವುದು. ಖಾಲಿ ಇದ್ದರೆ ಇವತ್ತಿನಿಂದಲೇ ಎಂದು ಅರ್ಥ. ಕಚೇರಿಯ ನಿಯಮ.

ಕಚೇರಿಗೆ ತಮ್ಮ ವಿಶ್ವಾಸಿ,
ಅಕ್ಕನಿಗೆ ಬರೀ ತಮ್ಮ,
(ಸಹಿ)
ಸ್ವರಲಿಪಿ ನಕಲುಗಾರ

ದಿನಾಂಕ: ಬುಧವಾರ (ವಾರ್ಷಿಕೋತ್ಸವಕ್ಕೆ ಮೂರು ದಿನ ಮುಂಚೆ)

ಲಗತ್ತುಗಳು:
1. ಐದು ವರ್ಷಗಳ ವೇಗದ ಪಟ್ಟಿ, ಒಂದು ಹಾಳೆ. (ಭಾಗಾಕಾರ ಮಾಡಬಾರದಾಗಿ ವಿನಂತಿ.)
2. ಅಳಿಸಿಹಾಕಿದ ಹದಿನಾರು ಅದೃಶ್ಯ ಸಂಖ್ಯೆಗಳು, ನನ್ನ ಕೈಬರಹದಲ್ಲಿ, ಪೆನ್ನಿನಿಂದ. (ಈಗ ಕಾಣುತ್ತವೆ.)
3. ವಾಹನ ಶಾಖೆಯ ಎರಡೂ ಪತ್ರಗಳು. (ಟೆಂಪೋ ಸಿಕ್ಕಿಲ್ಲ.)
4. ಪಿಯಾನೋ ಕೊಠಡಿಯ ಬೀಗಕ್ಕೆ ನನ್ನ ಭಾವ ಹೊಸದಾಗಿ ಮಾಡಿದ ಕೀಲಿಕೈಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು, ಒಂದು. (ಆ ಕೀಲಿಕೈಯನ್ನೇ ಲಗತ್ತಿಸಿಲ್ಲ. ಶನಿವಾರ ಬೇಕಾಗುತ್ತದೆ.)